ಕೀನ್ಯಾಕ್ಕೆ ಹೋಗಿ ಬರಲು ಹಳದಿ ಜ್ವರದ ಲಸಿಕೆ ನಿಜವಾಗಿಯೂ ಬೇಕಾ? ವೀಸಾ, ಕಸ್ಟಮ್ಸ್ ಕಥೆ ಏನು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ: ಮೈಸೂರಿನಿಂದ ನೀವಿಬ್ಬರು, 66 ವರ್ಷದ ಅಮ್ಮ, ಒಂದೂವರೆ ವರ್ಷದ ಮಗು. ಬೆಂಗಳೂರಿನಿಂದ ಇಥಿಯೋಪಿಯಾದ ಆಡಿಸ್ ಅಬಾಬಾ ಮೇಲೆ ನೈರೋಬಿ, ಅಲ್ಲಿಂದ ಮಸಾಯಿ ಮಾರಾ ವನ್ಯಧಾಮ, ಸಾಧ್ಯವಾದರೆ ಟಾಂಜಾನಿಯಾ ಕೂಡ. ‘ಭಾರತೀಯರಿಗೆ ಕೀನ್ಯಾದಲ್ಲಿ ಹಳದಿ ಜ್ವರದ ಕಾರ್ಡ್ ಕೇಳಲ್ಲ’ ಅಂತ ಏಜೆಂಟ್ ಹೇಳಿದ್ದಾರೆ.

ಅವರು ಹೇಳಿದ್ದು ಅರ್ಧ ಸತ್ಯ, ಉಳಿದರ್ಧ ಬಹಳ ದುಬಾರಿ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಹಾಗಾಗಿ ಇಲ್ಲಿಂದ ಹೋದವರನ್ನು ಕೀನ್ಯಾ ಕೇಳುವುದಿಲ್ಲ. ಕೇಳುವುದು ವಾಪಸ್ ಬರುವಾಗ, ನಮ್ಮ ದೇಶದವರೇ. ಹಳದಿ ಜ್ವರದ ಅಪಾಯವಿರುವ ದೇಶ ಬಿಟ್ಟು 6 ದಿನದೊಳಗೆ ಭಾರತಕ್ಕೆ ಬರುವ, 9 ತಿಂಗಳು ದಾಟಿದ ಪ್ರತಿಯೊಬ್ಬರೂ ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ, ಅಂದರೆ ಆ ಕಾರ್ಡ್, ತೋರಿಸಬೇಕು. ಕೀನ್ಯಾ, ಇಥಿಯೋಪಿಯಾ ಎರಡೂ ಆ ಪಟ್ಟಿಯಲ್ಲಿವೆ. ಕಾರ್ಡ್ ಇಲ್ಲದಿದ್ದರೆ, ಅಥವಾ ಇದ್ದೂ ಇನ್ನೂ ಊರ್ಜಿತವಾಗಿರದಿದ್ದರೆ, ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತೀಯ ಪಾಸ್‌ಪೋರ್ಟ್ ಇದೆ ಅಂದರೂ ವಿನಾಯಿತಿ ಇಲ್ಲ. ನೈರೋಬಿಯ ಚೆಕ್-ಇನ್ ಕೌಂಟರಿನಲ್ಲೇ ಏರ್‌ಲೈನ್‌ನವರು ಕಾರ್ಡ್ ಕೇಳುವುದೂ ಉಂಟು.

ಇಷ್ಟು ಬಿಗಿ ಯಾಕೆ ಅಂದರೆ, ಈ ರೋಗ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಡೆಂಗಿ ಹರಡುವುದೂ ಅದೇ. ಸೊಳ್ಳೆ ಇದೆ, ವೈರಸ್ ಮಾತ್ರ ಇಲ್ಲ. ಸೋಂಕು ತಗುಲಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ದಿನ ಬೇಕು. ನಿಯಮದ ಆ 6 ದಿನ ಬಂದಿರುವುದು ಇಲ್ಲಿಂದ. ಇದನ್ನು ಬರೀ ಕಾಗದದ ಕಾಟ ಅಂತ ದಯವಿಟ್ಟು ತಿಳಿಯಬೇಡಿ.

ಲಸಿಕೆ ಒಂದೇ ಡೋಸ್, ಅರ್ಧ ಮಿಲಿಲೀಟರ್. ಪ್ರಮಾಣಪತ್ರ ಊರ್ಜಿತವಾಗುವುದು ಹಾಕಿಸಿಕೊಂಡ 10 ದಿನದ ನಂತರ: ಜೂನ್ 5ಕ್ಕೆ ಹಾಕಿಸಿಕೊಂಡರೆ ಜೂನ್ 15ರಿಂದ. ಆಮೇಲೆ ಜೀವನಪರ್ಯಂತ ನಡೆಯುತ್ತದೆ. 2016ರ ಜುಲೈ 11ರಿಂದ ಈ ನಿಯಮ ಬಂದಿದೆ, ಹಳೆಯ ಕಾರ್ಡಿನಲ್ಲಿ ‘10 ವರ್ಷ’ ಅಂತ ಅಚ್ಚಾಗಿದ್ದರೂ ಚಿಂತೆಯಿಲ್ಲ. ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಬೇರೆ ಕ್ಲಿನಿಕ್ಕಿನ ಚೀಟಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟ್ ಹಳೆಯ ಕೇಂದ್ರ. ಮೈಸೂರಿನಿಂದ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಹಲವು ಡೋಸಿನ ಸೀಸೆ ಒಮ್ಮೆ ತೆರೆದರೆ 6 ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಕೇಂದ್ರಗಳು ನಿಗದಿತ ದಿನ, ಹೆಸರು ಬರೆಸಿದವರನ್ನು ಗುಂಪಾಗಿ ಕರೆಯುತ್ತವೆ. ಅಸಲಿ ಪಾಸ್‌ಪೋರ್ಟ್, ಅದರ ಜೆರಾಕ್ಸ್ ಎರಡೂ ಇರಲಿ.

ಕಾರ್ಡ್ ಕೈಗೆ ಬಂದ ತಕ್ಷಣ, ಅಲ್ಲೇ ಕೌಂಟರಿನ ಎದುರು ನಿಂತೇ ಓದಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯಾ, ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯಾ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು, ನಿಮ್ಮ ಸಹಿ ಎಲ್ಲ ಇವೆಯಾ ನೋಡಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆದಿರಬೇಕು. ಹೊಡೆದುಹಾಕಿ ತಿದ್ದಿದ್ದರೆ ಅಥವಾ ಒಂದು ಕಾಲಂ ಖಾಲಿ ಬಿಟ್ಟಿದ್ದರೆ ಕಾರ್ಡನ್ನೇ ತಿರಸ್ಕರಿಸಬಹುದು, ಹೊಸದು ಬರೆಸಿಕೊಳ್ಳಿ. ಮುಂದೆ ಪಾಸ್‌ಪೋರ್ಟ್ ನವೀಕರಿಸಿದರೆ ಹಳೆಯ ಪಾಸ್‌ಪೋರ್ಟನ್ನೂ ಜೊತೆಗೆ ಒಯ್ಯಿರಿ, ಸಂಖ್ಯೆ ತಾಳೆ ನೋಡಲು ಬೇಕಾಗುತ್ತದೆ.

ಇನ್ನು ಅಮ್ಮನ ವಿಷಯ. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ದಾಟಿದವರು ಮೊದಲ ಸಲ ತೆಗೆದುಕೊಂಡಾಗ ಗಂಭೀರ ಅಡ್ಡಪರಿಣಾಮ ಅಪರೂಪ, ಆದರೆ ಕಿರಿಯರಿಗಿಂತ ಹೆಚ್ಚು. ಮೊಟ್ಟೆಯ ತೀವ್ರ ಅಲರ್ಜಿ, ಎದೆಯೊಳಗಿನ ಥೈಮಸ್ ಗ್ರಂಥಿಯ ತೊಂದರೆ, ಕಿಮೋಥೆರಪಿ, ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ, ಇವುಗಳಲ್ಲಿ ಯಾವುದಾದರೂ ಇದ್ದರೆ ಬೇಡವೇ ಬೇಡ. ಸಂಧಿವಾತಕ್ಕೆ ಕೊಡುವ ಕೆಲವು ಮಾತ್ರೆಗಳೂ ಈ ಗುಂಪಿಗೆ ಸೇರುತ್ತವೆ, ವಯಸ್ಸಾದವರು ಇದನ್ನು ಹೇಳಲು ಮರೆಯುವುದು ಹೆಚ್ಚು. ಆದ್ದರಿಂದ ಟಿಕೆಟ್ ಮಾಡಿಸುವ ಮುಂಚೆ ಅವರನ್ನು ನೋಡುವ ವೈದ್ಯರ ಬಳಿ ಮಾತ್ರೆಯ ಪಟ್ಟಿಯ ಸಮೇತ ಹೋಗಿ, ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಪ್ರವಾಸದ ಜಾಗವನ್ನೇ ಬದಲಾಯಿಸಿ ಅನ್ನುವುದು ನನ್ನ ಅಭಿಪ್ರಾಯ. ದಕ್ಷಿಣ ಆಫ್ರಿಕಾ, ಬೋಟ್ಸ್‌ವಾನಾದಲ್ಲಿ ಹಳದಿ ಜ್ವರ ಇಲ್ಲ, ಸಿಂಹ, ಆನೆಗೆ ಅಲ್ಲೂ ಕೊರತೆಯಿಲ್ಲ. ಆಗ ವಿಮಾನ ನೈರೋಬಿ, ಆಡಿಸ್ ಮೇಲೆ ಹೋಗದಂತೆ ನೋಡಿಕೊಂಡರಾಯಿತು.

ಮಗುವಿಗೆ 9 ತಿಂಗಳು ದಾಟಿರುವುದರಿಂದ ಲಸಿಕೆ ಬೇಕು. ಇಲ್ಲೊಂದು ಸಿಕ್ಕು ಇದೆ: ದಡಾರ-ರುಬೆಲ್ಲಾದ ಎರಡನೇ ಡೋಸ್ ಬೀಳುವುದೂ ಇದೇ 16ರಿಂದ 24 ತಿಂಗಳಲ್ಲಿ, ಅದೂ ಜೀವಂತ ಲಸಿಕೆ. ಎರಡರ ನಡುವೆ 4 ವಾರ ಅಂತರ ಇಡುವುದು ಒಳ್ಳೆಯದು. ಮಕ್ಕಳ ವೈದ್ಯರಿಗೆ ಪ್ರಯಾಣದ ದಿನಾಂಕವನ್ನೇ ಹೇಳಿ ಲೆಕ್ಕ ಹಾಕಿಸಿ. ಇದಕ್ಕೇ ನಾನು ಎರಡು ತಿಂಗಳು ಮುಂಚೆ ಶುರುಮಾಡಿ ಅನ್ನುವುದು.

ಟಾಂಜಾನಿಯಾಕ್ಕೆ ಹೋಗುವುದಾದರೆ ಕೀನ್ಯಾದಿಂದ ಗಡಿ ದಾಟುವಾಗಲೇ ಅವರು ಕಾರ್ಡ್ ಕೇಳುತ್ತಾರೆ. ಇಥಿಯೋಪಿಯಾ ಕೂಡ ಹಳದಿ ಜ್ವರದ ಪಟ್ಟಿಯಲ್ಲಿರುವುದರಿಂದ ಆಡಿಸ್‌ನಲ್ಲಿ ವಿಮಾನ ಬದಲಿಸುವಾಗ ನಿಲ್ದಾಣದಿಂದ ಹೊರಗೆ ಹೋಗಬೇಡಿ, ಕಾಯುವ ಹೊತ್ತು 12 ಗಂಟೆ ಮೀರದಂತೆ ಟಿಕೆಟ್ ಮಾಡಿಸಿ, ಬೋರ್ಡಿಂಗ್ ಪಾಸ್‌ಗಳನ್ನು ಎಸೆಯಬೇಡಿ.

ವೀಸಾ ಸುಲಭ. 2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದು ಇಟಿಎ (ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣ ಅನುಮತಿ) ತಂದಿದೆ. ಆನ್‌ಲೈನ್ ಅರ್ಜಿ, ಮೂಲ ಶುಲ್ಕ 30 ಡಾಲರ್, ಮಗುವಿಗೂ ಪ್ರತ್ಯೇಕ ಅರ್ಜಿ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳು ಅವಧಿ ಇರಲಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ತಾಣಗಳು ಸರ್ಕಾರದವಲ್ಲ, ಎರಡು ಮೂರು ಪಟ್ಟು ಹಣ ಕೀಳುತ್ತವೆ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಪಾಸ್‌ಪೋರ್ಟಿನ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ನೋಡಿ, ಅಲ್ಲಿ ಹೆಸರು ಹೇಗಿದೆಯೋ ಅದಕ್ಕೆ ಟಿಕೆಟ್, ಇಟಿಎ ಎರಡೂ ಹೊಂದಿಕೆಯಾಗಬೇಕು. 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಕೀನ್ಯಾ, ಉಗಾಂಡಾ, ರುವಾಂಡಾಕ್ಕೆ ಮಾತ್ರ. ಟಾಂಜಾನಿಯಾ ಅದರಲ್ಲಿಲ್ಲ, ಅದಕ್ಕೆ ಬೇರೆ ಇ-ವೀಸಾ.

ಸಾಮಾನು ಕಟ್ಟುವಾಗ ಚಪ್ಪಲಿ, ಒದ್ದೆ ಬಟ್ಟೆ, ಚಟ್ನಿಪುಡಿ ಎಲ್ಲಕ್ಕೂ ಪ್ಲಾಸ್ಟಿಕ್ ಕವರ್ ಸುತ್ತುವ ಅಭ್ಯಾಸ ನಮಗಿದೆ. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಡ್ಯೂಟಿ ಫ್ರೀ ಕವರ್ ಕೂಡ ನಿಲ್ದಾಣದಲ್ಲೇ ಬಿಡಬೇಕು. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ. ಮಸಾಯಿ ಮಾರಾಕ್ಕೆ ಬಳಸಿ ಬಿಸಾಡುವ ನೀರಿನ ಬಾಟಲಿಯನ್ನೂ ಒಯ್ಯಬೇಡಿ, ಸ್ಟೀಲ್ ಬಾಟಲಿ, ಬಟ್ಟೆ ಚೀಲ ಸಾಕು. ತಾಜಾ ಹಣ್ಣು, ಬೀಜ, ಸಸಿ ಬೇಡ. ಡ್ರೋನ್‌ಗೆ ಮೊದಲೇ ಅನುಮತಿ ಇಲ್ಲದಿದ್ದರೆ ಮನೆಯಲ್ಲೇ ಬಿಡಿ.

ಡಾಲರ್ ನಗದು ಒಬ್ಬರಿಗೆ 3,000ವರೆಗೆ ಒಯ್ಯಬಹುದು. ಹಳೆಯ ನೋಟು ಅಲ್ಲಿ ಬೇಡ ಅನ್ನುತ್ತಾರೆ, 2009ರ ನಂತರದ, ಮಡಿಕೆ ಹರಕು ಇಲ್ಲದ ನೋಟು ಕೇಳಿ ತೆಗೆದುಕೊಳ್ಳಿ. ವಾಪಸ್ ಬರುವಾಗ ದಂತ, ಕಾಡುಪ್ರಾಣಿಯ ಚರ್ಮ, ಕೊಂಬು, ಹವಳ ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ, ಕೀನ್ಯಾ, ಭಾರತ ಎರಡೂ ಕಡೆ ಅಪರಾಧ. ಮರದ ಕೆತ್ತನೆ, ಮಣಿಸರ, ಮಸಾಯಿ ಜನ ಹೊದೆಯುವ ಶುಕಾ ಬಟ್ಟೆ ಧಾರಾಳವಾಗಿ ತನ್ನಿ. ಹಳದಿ ಕಾರ್ಡ್‌ಗಳನ್ನು ಚೆಕ್-ಇನ್ ಲಗೇಜಿಗೆ ಹಾಕಬೇಡಿ, ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ. ಆರೋಗ್ಯ ಕೌಂಟರ್ ಬರುವುದು ಲಗೇಜ್ ಬೆಲ್ಟಿಗಿಂತ ಮೊದಲು.