ಜಿಪಿಎಸ್ ಇದ್ದರೂ ಬೋಯ್ ಯಾಕೆ ಬೇಕು?

ಗದಗಿನ ನಿವೃತ್ತ ಮಾಸ್ತರರೊಬ್ಬರು ಕೇಳಿದ್ದಾರೆ: ‘ಹಡಗುಗಳಿಗೆ ದಾರಿ ತೋರಿಸಲು ಸಮುದ್ರದಲ್ಲಿ ತೇಲಿಬಿಟ್ಟ ಗುರುತುಗಳು, ಅಂದರೆ ಬೋಯ್‌ಗಳನ್ನು ನೋಡಿಕೊಳ್ಳಲಿಕ್ಕೇ ಅಮೆರಿಕದ ಕೋಸ್ಟ್ ಗಾರ್ಡ್ (ಕರಾವಳಿ ಕಾವಲು ಪಡೆ) ಹಡಗುಗಳನ್ನು ಇಟ್ಟಿದೆಯಂತೆ. ಜಿಪಿಎಸ್ ಬಂದ ಮೇಲೆ ಇದು ಸುಮ್ನೆ ದುಡ್ಡು ದಂಡ ಅಲ್ವಾ? ಬಯಲುಸೀಮೆಯ ನಮಗೆ ಇದರಿಂದ ಏನಾಗಬೇಕು?’

ಮಾಸ್ತರರೇ, ಖಂಡಿತ ದಂಡ ಅಲ್ಲ. ಬೋಯ್ ಬಿಟ್ಟ ಜಾಗದಲ್ಲೇ ಇರುತ್ತದೆ ಅಂದುಕೊಳ್ಳುತ್ತೇವೆ. ಇರುವುದಿಲ್ಲ. ಸಮುದ್ರದ ತಳದಲ್ಲಿ ಕಾಂಕ್ರೀಟ್ ದಿಮ್ಮಿ, ಅದಕ್ಕೆ ಕಬ್ಬಿಣದ ಸರಪಳಿ, ಮೇಲೆ ಬೋಯ್. ಅಲೆ ಎಳೆದಾಡಿದಂತೆಲ್ಲ ಸರಪಳಿ ತಳಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. ಬಿರುಗಾಳಿಗೆ ದಿಮ್ಮಿಯೇ ಜರುಗಬಹುದು. ಬೋಯ್ ಮೇಲಿನ ದೀಪಕ್ಕೆ ಕರೆಂಟು ಕೊಡುವ ಸೋಲಾರ್ ಫಲಕಕ್ಕೆ ಹಕ್ಕಿಗಳ ಹಿಕ್ಕೆ ಮೆತ್ತಿ ದೀಪ ಮಂಕಾಗುತ್ತದೆ. ಬೋಯ್ ಇಲ್ಲದ ಕಡೆ ಕ್ಯಾಪ್ಟನ್ ಹುಷಾರಾಗಿರುತ್ತಾನೆ. ಜಾಗ ತಪ್ಪಿದ ಬೋಯ್ ನಂಬಿದರೆ ಹಡಗು ಮರಳದಿಣ್ಣೆ ಹತ್ತುತ್ತದೆ.

ಅದಕ್ಕೇ ಈ ಹಡಗುಗಳು. ಅಲ್ಲಿಯ ಜುನಿಪರ್ ಮಾದರಿಯವು 225 ಅಡಿ ಉದ್ದ, ಮೈಗೆ ಕಪ್ಪು ಬಣ್ಣ. ಕ್ರೇನಿನಿಂದ ಬೋಯ್ ಎತ್ತಿ ಡೆಕ್ಕಿನ ಮೇಲೆ ಮಲಗಿಸುತ್ತಾರೆ. ಅಡಿಗೆ ಕಚ್ಚಿಕೊಂಡ ಚಿಪ್ಪುಗಳನ್ನು ಕೆರೆದು ತೆಗೆಯುತ್ತಾರೆ. ಸರಪಳಿಯ ಕೊಂಡಿ ಎಷ್ಟು ದಪ್ಪ ಉಳಿದಿದೆ ಎಂದು ಅಳೆದು, ಸವೆದ ತುಂಡು ಕತ್ತರಿಸಿ ಹೊಸದು ಜೋಡಿಸುತ್ತಾರೆ. ಇದೆಲ್ಲ ಓಲಾಡುವ ಡೆಕ್ಕಿನಲ್ಲಿ, ಟನ್‌ಗಟ್ಟಲೆ ಭಾರ ಎದುರಿಗೇ ತೂಗುತ್ತಿರುವಾಗ. ಆ ದುಡಿಮೆಗೆ ನನಗೆ ತುಂಬಾ ಗೌರವವಿದೆ.

ಬೋಯ್‌ನ್ನು ಸರಿಯಾದ ಜಾಗಕ್ಕೆ ಇಳಿಸಲು ಅವರೂ ಜಿಪಿಎಸ್ ಬಳಸುತ್ತಾರೆ. ಆದರೆ ಅದರ ಸಂಕೇತಕ್ಕೆ ಅಡ್ಡಿ ಮಾಡುವುದು ಈಗ ಯುರೋಪಿನ ಕಪ್ಪು ಸಮುದ್ರ, ಬಾಲ್ಟಿಕ್ ಸಮುದ್ರದ ಕಡೆ ಜಾಸ್ತಿಯಾಗಿದೆ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಡಗು ಡಿಕ್ಕಿ ಹೊಡೆದು ಸೇತುವೆ ಕುಸಿಯಿತಲ್ಲ, ಆಗ ಬಂದರಿನ ದಾರಿಯೇ ಮುಚ್ಚಿಹೋಯಿತು. ಕೆಲವೇ ದಿನಗಳಲ್ಲಿ ಪಕ್ಕದಲ್ಲಿ ತಾತ್ಕಾಲಿಕ ದಾರಿ ಮಾಡಿ, ದೀಪದ ಗುರುತುಗಳನ್ನು ಹಾಕಿದರು. ಜಿಪಿಎಸ್ ಹಡಗು ಎಲ್ಲಿದೆ ಅಂತ ಹೇಳೀತು, ಆದರೆ ಹಳೆಯ ನಕ್ಷೆಯಲ್ಲಿ ಆ ದಾರಿ ಎಲ್ಲಿಂದ ಬರಬೇಕು?

ನಮ್ಮಲ್ಲಿ ಇದು ಕೋಸ್ಟ್ ಗಾರ್ಡಿನ ಕೆಲಸವಲ್ಲ. ದೀಪಸ್ತಂಭಗಳ ಮಹಾನಿರ್ದೇಶನಾಲಯ ಅಂತಲೇ ಬೇರೆ ಇಲಾಖೆ ಇದೆ, ಅದಕ್ಕೆ ಸ್ವಂತ ಹಡಗುಗಳಿವೆ. ಬಂದರಿನೊಳಗಿನ ಗುರುತುಗಳನ್ನು ಬಂದರಿನವರೇ ನೋಡಿಕೊಳ್ಳುತ್ತಾರೆ.

ಇನ್ನು ನಮಗೇನು ಅಂದಿರಿ. 1860ರ ದಶಕದಲ್ಲಿ ಅಂತರ್ಯುದ್ಧದಿಂದ ಅಮೆರಿಕದ ಹತ್ತಿ ನಿಂತಾಗ, ನಮ್ಮ ಧಾರವಾಡ-ಗದಗ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದನ್ನು ಹಡಗಿಗೇರಿಸಲೆಂದೇ ಕಾರವಾರ ಬಂದರು ಬೆಳೆಸಲು ಹೊರಟರು. ಕಾರವಾರದೆದುರಿನ ದೇವಗಡ ನಡುಗಡ್ಡೆಯ ದೀಪಸ್ತಂಭ ಅದೇ ಕಾಲದ್ದು, 1864ರದು. ಇವತ್ತು ನವಮಂಗಳೂರಿಗೆ ಅಡುಗೆ ಗ್ಯಾಸು, ಅಡುಗೆ ಎಣ್ಣೆ ಹಡಗಿನಲ್ಲೇ ಬರುತ್ತವೆ. ಬಂದರು ಹೊಗುವಾಗ ಆ ಹಡಗಿನವರಿಗೆ ಎಡಕ್ಕೆ ಕೆಂಪು ಬೋಯ್, ಬಲಕ್ಕೆ ಹಸಿರು ಬೋಯ್ ಕಾಣಬೇಕು. ಅಮೆರಿಕದಲ್ಲಿ ಇದು ಅದಲುಬದಲು.