ಮೋರಿ ಬಾಯಿ ಬಿಡಿಸಿ, ಮೋರಿ ಒಳಗೆ ಇಳೀಬೇಡಿ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಬೀದಿಯವ್ರೆಲ್ಲ ಸೇರಿ ರಸ್ತೆ ಬದಿ ಮೋರಿ ಕ್ಲೀನ್ ಮಾಡಿದ್ವಿ. ಮಳೆ ಬಂದಾಗ ನಮ್ಮಲ್ಲಿ ನೀರು ನಿಲ್ಲಲಿಲ್ಲ, ಆದ್ರೆ ಕೆಳಗಿನ ಬೀದಿಯವ್ರು ನೀರೆಲ್ಲ ನಮ್ಮನೆಗೆ ನುಗ್ಗಿಸಿದ್ರಿ ಅಂತ ಜಗಳಕ್ಕೇ ಬಂದ್ರು. ಟ್ಯಾಕ್ಸ್ ಕಟ್ಟೋರೂ ನಾವೇ, ಕೆಸರು ಎತ್ತೋರೂ ನಾವೇ, ಬೈಸ್ಕೊಳ್ಳೋರೂ ನಾವೇನಾ? ಮುಂದಿನ ಮಳೆಗೆ ಮ್ಯಾನ್‌ಹೋಲ್ ಮುಚ್ಚಳಾನೇ ತೆಗೆದುಬಿಡೋಣ ಅಂತಾರೆ ಕೆಲವರು."

ಕೆಳಗಿನ ಬೀದಿಯವ್ರ ಮೇಲೆ ಸಿಟ್ಟಾಗ್ಬೇಡಿ, ಅವರ ಮಾತಲ್ಲಿ ಅರ್ಧ ನಿಜ ಇದೆ. ನಿಮ್ಮ ಕಡೆ ನೀರೆಲ್ಲ ಇಳಿಯೋದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ, ಅಲ್ಲಿಂದ ಬೆಳ್ಳಂದೂರು, ಆಮೇಲೆ ವರ್ತೂರು ಕೆರೆ. ಒಂದು ಲೆಕ್ಕ ಹಾಕಿ ನೋಡಿ: ನೂರು ಮೀಟರ್ ಬೀದಿ, ಎರಡು ಕಡೆ ಮನೆ ಚಾವಣಿಗಳೂ ಸೇರಿ ಮೂವತ್ತು ಮೀಟರ್ ಅಗಲ ಅಂದ್ಕೊಂಡ್ರೆ, 50 ಮಿ.ಮೀ. ಮಳೆ ಅಂದ್ರೆ 1,50,000 ಲೀಟರ್, ಆರು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತೈದು! ನೀವು ಮೇಲೆ ಬಾಯಿ ಬಿಡಿಸಿದ್ರಿ, ಕೆಳಗೆ ಬಾಯಿ ಕಟ್ಟೇ ಇತ್ತು, ಅಷ್ಟೂ ನೀರು ಒಟ್ಟಿಗೆ ಅಲ್ಲಿಗೆ ಹೋಗಿ ನಿಂತ್ಕೊಳ್ತು. ಅದಕ್ಕೇ ಈ ಕೆಲಸ ಯಾವತ್ತೂ ಕೆಳಗಿಂದ ಮೇಲಕ್ಕೆ ಮಾಡ್ಕೊಂಡು ಬರ್ಬೇಕು. ಮುಂದಿನ ಸಲ ಜಗಳಕ್ಕೆ ಬಂದೋರನ್ನೇ ಕರ್ಕೊಳ್ಳಿ, ಶುರು ಅವರ ಬೀದಿಯಿಂದಾನೇ ಆಗ್ಲಿ.

ಇನ್ನು ಮೋರಿ ಕಟ್ಟಿಕೊಳ್ಳೋದು ಯಾವುದರಿಂದ ಅಂತ ಸ್ವಲ್ಪ ನೋಡಿ, ಎಲ್ಲಾನೂ ಪ್ಲಾಸ್ಟಿಕ್ ತಲೆಗೇ ಕಟ್ತೀವಿ ನಾವು. ಮನೆ ಕಟ್ಟೋರು ರಸ್ತೇಲಿ ಸುರಿದ ಎಂ-ಸ್ಯಾಂಡು ಜಲ್ಲಿ ಮೊದಲ ಮಳೆಗೇ ಮೋರಿ ಸೇರತ್ತೆ, ಫೆಬ್ರವರಿ ಮಾರ್ಚಲ್ಲಿ ಉದುರಿದ ಎಲೆ ಜಾಲರಿ ಮೇಲೆ ಚಾಪೆ ಹಾಸಿದ ಹಾಗೆ ಕೂತಿರತ್ತೆ, ಟಾರ್ ಮೇಲೆ ಟಾರ್ ಹಾಕಿ ಹಾಕಿ ನೀರು ಒಳಗೋಗೋ ಕಿಂಡಿನೇ ಅರ್ಧ ಮುಚ್ಚೋಗಿರತ್ತೆ, ಮೇಲಿಂದ ಕಾರ್ ಹತ್ತಿಸೋಕೆ ಅಂತ ಪ್ರತಿ ಗೇಟ್ ಮುಂದೆ ಒಂದೊಂದು ಸಿಮೆಂಟ್ ರ‍್ಯಾಂಪು. ಜಿರಲೆ ಬರತ್ತೆ ಅಂತ ಕಿಂಡಿಗೆ ಕಲ್ಲಿಟ್ಟು ಮುಚ್ಚೋ ಪುಣ್ಯಾತ್ಮರೂ ಇದ್ದಾರೆ. ರ‍್ಯಾಂಪ್ ಮಾತೆತ್ತಿದ್ರೆ ಗ್ರೂಪಲ್ಲಿ ಎಲ್ಲರೂ ಸೈಲೆಂಟ್, ಯಾಕಂದ್ರೆ ಎಲ್ಲರ ಮನೆ ಮುಂದೇನೂ ಇದೆ.

ಎತ್ತಿದ ಕೆಸರನ್ನ ಅಲ್ಲೇ ಪಕ್ಕದಲ್ಲಿ ಗುಡ್ಡೆ ಹಾಕಿ ಒಣಗ್ಲಿ ಅಂತ ಬಿಡ್ತಾರಲ್ಲ, ಪಾಲಿಕೆ ಕಡೆಯವರೂ ಇದನ್ನೇ ಮಾಡೋದು, ರಾತ್ರಿ ಮಳೆ ಬಂದ್ರೆ ಬೆಳಿಗ್ಗೆ ಅದು ವಾಪಸ್ ಮೋರೀಲೇ ಇರತ್ತೆ. ಹಾಗಾಗಿ ಕೆಸರು ಒಯ್ಯೋ ಗಾಡಿ ಬರೋ ದಿನ ಗೊತ್ತುಮಾಡ್ಕೊಂಡು ಆಮೇಲೆ ಸಲಿಕೆ ಹಿಡೀರಿ, ಗಾಡಿ ಸಿಗಲ್ಲ ಅಂದ್ರೆ ಕೊನೇಪಕ್ಷ ಚೀಲಕ್ಕೆ ತುಂಬಿಡಿ.

ಟ್ಯಾಕ್ಸ್ ಪ್ರಶ್ನೆ ನ್ಯಾಯವಾದದ್ದೇ. ಕಿಂಡಿ ಮೇಲಿನ ಎಲೆ ಕವರ್ ತೆಗೆಯೋದು ಮಾತ್ರ ನಿಮ್ಮದು, ಅದೂ ಮಳೆ ಸಂಜೆ ಏಳಕ್ಕೆ ಬಂದ್ರೆ ಸಿಬ್ಬಂದಿ ಬರೋವರೆಗೂ ಕಾಯೋಕಾಗಲ್ಲ ಅನ್ನೋ ಕಾರಣಕ್ಕೆ. ರಾಜಕಾಲುವೆ ಹೂಳು, ಒತ್ತುವರಿ, ಇವೆಲ್ಲ ಸಲಿಕೆಗೆ ಬಗ್ಗೋದಲ್ಲ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆ ನೀರು ತುಂಬಿ ಜನ ಆಫೀಸಿಗೆ ಟ್ರ್ಯಾಕ್ಟರ್ ಹತ್ತಿ ಹೋದ್ರಲ್ಲ, ಅದನ್ನ ಯಾವ ಬೀದಿ ಸಂಘವೂ ತಡೀತಿರಲಿಲ್ಲ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ನಿಮ್ಮದು ಯಾವುದು ಅಂತ ನೋಡ್ಕೊಂಡು, ಕ್ಲೀನ್ ಮಾಡೋ ಮುಂಚೆ ಒಂದು, ಆಮೇಲೆ ಒಂದು ಫೋಟೋ ತೆಗೆದು ದೂರು ಹಾಕಿ, ನಾವೇ ಮಾಡ್ಕೊಂಡ್ವಿ ಅಂತ ಸುಮ್ನಾದ್ರೆ ಅವರ ಪುಸ್ತಕದಲ್ಲಿ ನಿಮ್ಮ ಬೀದೀಲಿ ಸಮಸ್ಯೆನೇ ಇಲ್ಲ.

ಮ್ಯಾನ್‌ಹೋಲ್ ವಿಷ್ಯ ಮಾತ್ರ ಖಂಡಿತ ಬೇಡ. ಅದು ಮಳೆನೀರಿನ ಮೋರಿಯಲ್ಲ, ಜಲಮಂಡಳಿಯ ಒಳಚರಂಡಿ. ಮಳೆನೀರು ತುಂಬಿಸಿದ್ರೆ ತಗ್ಗಿನ ಮನೆಗಳ ಬಚ್ಚಲಿಂದ ಹೊಲಸು ಉಕ್ಕಿ ಬರತ್ತೆ. 2017ರ ಆಗಸ್ಟ್ 29ರ ಮುಂಬೈ ಮಳೇಲಿ ಹೆಸರಾಂತ ವೈದ್ಯರೊಬ್ಬರು ಮನೆಗೆ ನಡ್ಕೊಂಡು ಹೋಗ್ತಾ, ನೀರಡಿ ಕಾಣದೆ ಇದ್ದ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರ್ಕೊಂಡ್ರು. ಹಾಗೇ ಸ್ಲ್ಯಾಬ್ ಎತ್ತಿ ಮೋರಿಗೆ ಹುಡುಗರನ್ನ ಇಳಿಸೋದೂ ಬೇಡ, ಕೂಲಿ ಕೊಟ್ಟು ಬೇರೆಯವ್ರನ್ನ ಇಳಿಸೋದು ಅದಕ್ಕಿಂತ ಕೆಟ್ಟದ್ದು. ನಮ್ಮೂರ ಮೋರೀಲಿ ಕಕ್ಕಸು ನೀರೂ ಸೇರಿರತ್ತೆ, ಮುಚ್ಚಿದ ಕಡೆ ವಿಷಗಾಳಿ ಇರತ್ತೆ, ಇಲಿ ಜ್ವರದ ಭಯ ಬೇರೆ. ಉದ್ದ ಹಿಡಿಯ ಕುಂಟೆ, ಗ್ಲೌಸ್, ಗಮ್‌ಬೂಟ್ ಸಾಕು, ಫುಟ್‌ಪಾತ್ ಮೇಲೆ ನಿಂತೇ ಕೆಲಸ ಆಗ್ಬೇಕು, ಅಲ್ಲಿಂದ ಕೈಗೆ ಎಟಕದೇ ಇರೋದು ಪಾಲಿಕೆ ಮೆಷಿನ್ನಿನ ಪಾಲು.