ಬ್ಯಾರೆಲ್ ಮುಟ್ಟಬೇಡಿ, ಮೊದಲು ತೋಟಾ ನೋಡಿ

ಪ್ರಶ್ನೆ: ನನ್ನದು ಒಂದೊಂದೇ ತೋಟಾ ತುಂಬಿ ಹೊಡೆಯುವ .22 ಟಾರ್ಗೆಟ್ ರೈಫಲ್. ಲೈಸೆನ್ಸ್ ಇದೆ. 50 ಮೀಟರ್‌ನಲ್ಲಿ ಗುಂಡು ಚದುರುತ್ತದೆ. ಬ್ಯಾರೆಲ್ ಒಳಗೆ ಪಾಲಿಶ್ ಮಾಡಿಸಿದರೆ ಸರಿಹೋಗುತ್ತದೆ ಅಂತಾರೆ. ಮಾಡಿಸಲಾ?
– ಓದುಗರೊಬ್ಬರು, ಮಡಿಕೇರಿ

ಖಂಡಿತ ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ, ಪ್ರತಿ ಸಲವೂ ಸಂಕಟವಾಗುತ್ತದೆ. ಪೇಸ್ಟ್ ಹಚ್ಚಿ ಉಜ್ಜಿದರೆ ರೈಫ್ಲಿಂಗ್, ಅಂದರೆ ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳ ಅಂಚು ಸವೆಯುತ್ತದೆ. ಸವೆದದ್ದು ವಾಪಸ್ ಬರಲ್ಲ. ಹೀಗೆ ಉಜ್ಜಿ ದುಡ್ಡು ತಗೊಳ್ಳುವವರ ಹತ್ತಿರ ಹೋಗಲೇಬೇಡಿ.

ಮೊದಲು ತೋಟಾ ಬದಲಿಸಿ. ಕಂಪನಿ ಅದೇ, ಹೆಸರೂ ಅದೇ ಇದ್ದರೂ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬದಲಾದರೆ ಗುಂಪು, ಅಂದರೆ ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಅನ್ನೋದು, ಬದಲಾಗುತ್ತದೆ. ಡಬ್ಬಿ ಮೇಲೆ ಲಾಟ್ ನಂಬರ್ ಇರುತ್ತದೆ, ಬರೆದಿಡಿ. ರೈಫಲನ್ನು ಮರಳು ಚೀಲದ ಮೇಲಿಟ್ಟು, ಪ್ರತಿ ಲಾಟ್‌ನಲ್ಲೂ ಹತ್ತು ಹತ್ತು ಗುಂಡಿನ ನಾಲ್ಕು ಗುಂಪು ಹೊಡೆಯಿರಿ. ಮೂರು ಗುಂಡು ಒಟ್ಟಿಗೆ ಬಿದ್ದ ಫೋಟೋ ಕಳಿಸಬೇಡಿ, ಅದರಿಂದ ಏನೂ ಗೊತ್ತಾಗಲ್ಲ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಹತ್ತೂ ಗುಂಡು ಅದನ್ನು ಮುಟ್ಟುವ ಲಾಟ್ ಸಿಕ್ಕರೆ, ಲೈಸೆನ್ಸ್ ಮಿತಿಯೊಳಗೆ ಅದನ್ನೇ ತಂದಿಟ್ಟುಕೊಳ್ಳಿ. 'ಹೈ ವೆಲಾಸಿಟಿ' ತೋಟಾ ಆಸೆ ಬಿಡಿ. ಶಬ್ದಕ್ಕಿಂತ ವೇಗವಾಗಿ ಹೊರಟ ಗುಂಡು ದಾರಿಯಲ್ಲಿ ವೇಗ ಇಳಿಯುವಾಗ ಅಲುಗುತ್ತದೆ.

ಆಮೇಲೆ ಮರ. ನಿಮ್ಮೂರಿನ ಮಳೆಗೆ, ಬ್ಯಾರೆಲ್ ಕೂರುವ ಮರದ ಸ್ಟಾಕ್ ಉಬ್ಬಿ ಬ್ಯಾರೆಲ್‌ಗೆ ಒತ್ತುತ್ತದೆ. ರೈಫಲ್ ಖಾಲಿ ಮಾಡಿ, ಬ್ಯಾರೆಲ್ ಮತ್ತು ಮರದ ನಡುವೆ ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆಯಿರಿ. ಬ್ಯಾರೆಲ್ ಮರಕ್ಕೆ ತಾಗದಂತೆ ಕೂರಿಸಿದ ರೈಫಲ್ ಆದರೆ ಪಟ್ಟಿ ಸಲೀಸಾಗಿ ಜಾರಬೇಕು. ಸಿಕ್ಕಿಕೊಂಡ ಜಾಗವೇ ನಿಮ್ಮ ಕಾಯಿಲೆ. ಸ್ಟಾಕ್ ಸ್ಕ್ರೂಗಳನ್ನೂ ಕಂಪನಿ ಹೇಳಿದ ಅಳತೆಗೆ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲೇ ಬಿಗಿಮಾಡಿ. ಕೈಯಳತೆ ನಂಬಬೇಡಿ.

ಕೊನೆಗೆ ಬಾಯಿ. ಬೋಲ್ಟ್ (ಬ್ಯಾರೆಲ್ ಹಿಂಬದಿ ಮುಚ್ಚುವ ಭಾಗ) ತೆಗೆದು, ಕಿವಿಯ ಹತ್ತಿ ಕಡ್ಡಿಯನ್ನು ಬ್ಯಾರೆಲ್ ಬಾಯಿಯ ಅಂಚಿನಲ್ಲಿ ಒಳಗಿಂದ ಹೊರಕ್ಕೆ ಎಳೆಯುತ್ತಾ ಸುತ್ತ ತಿರುಗಿಸಿ. ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಯವಿದೆ. ಸುಮ್ನೆ ಮುಂದಿನಿಂದ ರಾಡ್ ತೂರಿಸಿ ಕ್ಲೀನ್ ಮಾಡಿದ್ದರ ಫಲ ಅದು. ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾತ್ರ ಅದನ್ನು ಸರಿಮಾಡಬೇಕು.

ಪ್ರಶ್ನೆ: ಟ್ರಿಗರ್ ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಬಹುದಾ?

ಬೇಡ. ಸ್ವಲ್ಪ ತಟ್ಟಿದರೂ ಗುಂಡು ಸಿಡಿಯಬಹುದು.

ಪ್ರಶ್ನೆ: ಬ್ಯಾರೆಲ್ ತುಂಡು ಮಾಡಿದರೆ ಗುರಿ ಜಾಸ್ತಿ ಆಗುತ್ತಾ?

ಅನುಮತಿ ಇಲ್ಲದೆ ಬ್ಯಾರೆಲ್ ಮೊಟಕು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಕೈಲ್‌ಪೊಳ್ದ್ (ಕೊಡಗಿನ ಆಯುಧ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ದುಬಾರಿ ಸ್ಕೋಪ್ ಬೇಕಾ?

ಸ್ಪರ್ಧೆಯ ದೂರದಲ್ಲಿ, ಅದೇ ತೋಟಾದಲ್ಲಿ ರೈಫಲನ್ನು ಝೀರೋ ಮಾಡಿದ್ದೀರಾ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದು ಮಾಡಿ, ಸ್ಕೋಪ್ ಆಮೇಲೆ ನೋಡೋಣ.